ರೇಟಿಂಗ್ ಬಂತು, ವಿದ್ಯಾರ್ಥಿಗಳು ಬರಲಿಲ್ಲ: ಟೆಕ್ಸಸ್‌ನಲ್ಲಿ ಹೊಸ ಫ್ಲೈಟ್ ಇನ್‌ಸ್ಟ್ರಕ್ಟರ್ ಒಬ್ಬನ ಮೊದಲ ಕೆಲಸ, ಮೊದಲ ವರ್ಷದ ಲೆಕ್ಕ

ಇದು ಯಾರೋ ಒಬ್ಬನ ಜೀವನಚರಿತ್ರೆಯಲ್ಲ. ಅಮೆರಿಕದಲ್ಲಿ ವಿಮಾನ ಹಾರಾಟ ಕಲಿಸಿ ಬದುಕಲು ಹೊರಟವರು ಮೊದಲ ವರ್ಷದಲ್ಲಿ ಎದುರಿಸುವ ಸಂಗತಿಗಳನ್ನು ಒಟ್ಟು ಸೇರಿಸಿ ಕಟ್ಟಿದ ಪ್ರಕರಣ. ನಿಯಮಗಳು, ಗಂಟೆಗಳ ಮಿತಿ, ತೆರಿಗೆಯ ಪ್ರಮಾಣ ಇವೆಲ್ಲ ಇದ್ದದ್ದು ಇದ್ದ ಹಾಗೆ. ಸಂಬಳದ ಅಂಕಿಗಳು ಈ ಪ್ರಕರಣಕ್ಕೆ ಇಟ್ಟುಕೊಂಡವು. ನಿಮ್ಮ ಊರಿನ ದರ ಹಾಕಿ ಗುಣಿಸಿಕೊಂಡರೆ ಲೆಕ್ಕದ ದಾರಿ ಅದೇ.

ಯಾರು, ಎಲ್ಲಿ, ಯಾವಾಗ

ವಯಸ್ಸು 25. ಹುಟ್ಟಿದ್ದು ದಾವಣಗೆರೆಯಲ್ಲಿ, ಹೈಸ್ಕೂಲಿನಿಂದ ಮುಂದೆ ಬೆಳೆದದ್ದು ಡಲ್ಲಾಸ್ ಹೊರವಲಯದಲ್ಲಿ. ಗ್ರೀನ್ ಕಾರ್ಡ್ ಇರುವುದರಿಂದ ಕೆಲಸದ ವೀಸಾದ ತಲೆನೋವಿಲ್ಲ. ಕಂಪ್ಯೂಟರ್ ಸೈನ್ಸ್ ಪದವಿ ಮುಗಿಸಿದ ಮೇಲೆ ಹಾರಾಟದ ಹುಚ್ಚು ಹಿಡಿದು, ಪಾರ್ಟ್ 61 ಎಂಬ ವಿಮಾನಯಾನ ನಿಯಮದಡಿ ನಡೆಯುವ ಸಣ್ಣ ಶಾಲೆಯಲ್ಲಿ ಪ್ರೈವೇಟ್ (ಸ್ವಂತಕ್ಕೆ ಹಾರಲು), ಇನ್‌ಸ್ಟ್ರುಮೆಂಟ್ (ಮೋಡದೊಳಗೂ ಉಪಕರಣ ನೋಡಿ ಹಾರಲು), ಕಮರ್ಷಿಯಲ್ (ಹಣ ಪಡೆದು ಹಾರಲು) ಅರ್ಹತೆಗಳನ್ನು ಒಂದರ ಹಿಂದೆ ಒಂದರಂತೆ ಮುಗಿಸಿದ್ದ. 2024ರ ಅಕ್ಟೋಬರ್‌ನಲ್ಲಿ ಸಿಎಫ್ಐ, ಅಂದರೆ ಒಂಟಿ ಎಂಜಿನ್ ವಿಮಾನ ಕಲಿಸುವ ಅರ್ಹತೆ, ಕೈಗೆ ಬಂತು. ಲಾಗ್‌ಬುಕ್‌ನಲ್ಲಿ, ಅಂದರೆ ಹಾರಾಟದ ದಾಖಲೆ ಪುಸ್ತಕದಲ್ಲಿ, 271 ಗಂಟೆ. ಶಿಕ್ಷಣ ಸಾಲದ ಕಂತು ತಿಂಗಳಿಗೆ 900 ಡಾಲರ್. ವಾಸ ತಂದೆ ತಾಯಿಯ ಮನೆಯಲ್ಲಿ. ಈ ಕೊನೆಯ ಸಂಗತಿಯನ್ನು ಹಗುರವಾಗಿ ಓದಬೇಡಿ, ಮುಂದೆ ಲೆಕ್ಕದಲ್ಲಿ ಅದರ ತೂಕ ಗೊತ್ತಾಗುತ್ತದೆ.

ಗುರಿ ಏರ್‌ಲೈನ್. ಅಲ್ಲಿಗೆ ಬೇಕಾದದ್ದು 1500 ಗಂಟೆ. ಈ ಸಂಖ್ಯೆಯ ಹಿಂದೆ ಒಂದು ಅಪಘಾತವಿದೆ. 2009ರ ಫೆಬ್ರವರಿ 12ರಂದು ನ್ಯೂಯಾರ್ಕ್ ರಾಜ್ಯದ ಬಫಲೋ ಹತ್ತಿರ ಕೋಲ್ಗನ್ ಏರ್ ನಡೆಸುತ್ತಿದ್ದ ವಿಮಾನ ಸ್ಟಾಲ್ ಆಗಿ, ಅಂದರೆ ರೆಕ್ಕೆಗಳು ಎತ್ತಿಹಿಡಿಯುವ ಬಲ ಕಳೆದುಕೊಂಡು, ಮನೆಯೊಂದರ ಮೇಲೆ ಬಿದ್ದು 50 ಜನ ಸತ್ತರು. 2010ರಲ್ಲಿ ಸಂಸತ್ತು ಕಾನೂನು ಮಾಡಿತು. 2013ರಿಂದ ಏರ್‌ಲೈನ್‌ನ ಸಹ ಪೈಲಟ್‌ಗೂ ಎಟಿಪಿ ಎಂಬ, 1500 ಗಂಟೆ ಕೇಳುವ ಅತ್ಯುನ್ನತ ಪೈಲಟ್ ದರ್ಜೆ ಕಡ್ಡಾಯವಾಯಿತು. ಆ ವಿಮಾನದ ಇಬ್ಬರು ಪೈಲಟ್‌ಗಳಿಗೂ 1500ಕ್ಕಿಂತ ಹೆಚ್ಚು ಗಂಟೆಗಳಿದ್ದವು ಎಂಬುದು ಬೇರೆ ಮಾತು. ಮಾನ್ಯತೆ ಪಡೆದ ವಿಶ್ವವಿದ್ಯಾಲಯದಲ್ಲಿ ವೈಮಾನಿಕ ವಿಷಯಗಳ 60 ಕ್ರೆಡಿಟ್‌ಗಳೊಂದಿಗೆ ಪದವಿ ಮಾಡಿದವರಿಗೆ 1000 ಗಂಟೆ ಸಾಕು. ನಮ್ಮ ಅಭ್ಯರ್ಥಿಯ ಪದವಿ ಕಂಪ್ಯೂಟರ್‌ನದು, ಹಾಗಾಗಿ ಆ ರಿಯಾಯಿತಿ ಇಲ್ಲ.

250 ಗಂಟೆಯಿಂದ 1500ರವರೆಗಿನ ಈ ಅಂತರವೇ ಅಮೆರಿಕದ ಫ್ಲೈಯಿಂಗ್ ಸ್ಕೂಲ್‌ಗಳಿಗೆ ಬೋಧಕರನ್ನು ಒದಗಿಸುವುದು. ಕಲಿಸುವಾಗಿನ ಹಾರಾಟದ ಸಮಯವೆಲ್ಲ ಬೋಧಕನ ಲಾಗ್‌ಬುಕ್‌ಗೂ ಸೇರುತ್ತದೆ, ಬಾಡಿಗೆ ಕಟ್ಟುವವನು ವಿದ್ಯಾರ್ಥಿ. ಏರ್‌ಲೈನ್‌ಗಳು ಭರಾಟೆಯಿಂದ ನೇಮಿಸಿಕೊಂಡ 2022–23ರಲ್ಲಿ ಬೋಧಕರು ಬಂದಷ್ಟೇ ಬೇಗ ಹೋಗುತ್ತಿದ್ದರು, ಹೊಸಬನಿಗೆ ಪರೀಕ್ಷೆ ಮುಗಿದ ವಾರವೇ ಕೆಲಸ ಸಿಗುತ್ತಿತ್ತು. 2024ರಲ್ಲಿ ನೇಮಕಾತಿ ನಿಧಾನವಾಯಿತು. 1500 ದಾಟಿದವರೂ ಕುರ್ಚಿ ಬಿಡಲಿಲ್ಲ. ಇವನು ಮಾರುಕಟ್ಟೆಗೆ ಕಾಲಿಟ್ಟದ್ದು ಸರಿಯಾಗಿ ಆಗ.

ಮೊದಲ ಮೂರು ತಿಂಗಳು ಏಕೆ ಯಾರೂ ಕರೆಯಲಿಲ್ಲ

ನವೆಂಬರ್‌ನಿಂದ ಜನವರಿವರೆಗೆ ಕಳಿಸಿದ ಅರ್ಜಿಗಳೆಲ್ಲ ಆನ್‌ಲೈನ್, ಹೆಚ್ಚಿನವು ದೇಶದ ತುಂಬ ಶಾಖೆಗಳಿರುವ ದೊಡ್ಡ ಶಾಲೆಗಳಿಗೆ. ಇಂಥ ಶಾಲೆಗಳು ಮೊದಲು ತಮ್ಮಲ್ಲೇ ಕಲಿತವರಿಗೆ ಕೆಲಸ ಕೊಡುತ್ತವೆ. ಬೋಧಕನ ಕೆಲಸದ ಭರವಸೆಯನ್ನೇ ಮುಂದಿಟ್ಟು ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿರುತ್ತವೆ ತಾನೆ? ಹೊರಗಿನವನ ಅರ್ಜಿಗೆ ಆ ಸಾಲಿನ ಕೊನೆಯಲ್ಲಿ ಜಾಗ.

ಎರಡನೆಯದು, ರೆಸ್ಯೂಮೆ ಎರಡು ಪುಟ. ಕಾಲೇಜಿನ ಪ್ರಾಜೆಕ್ಟು, ಪ್ರೋಗ್ರಾಮಿಂಗ್ ಭಾಷೆಗಳು ಮೇಲೆ, ಗಂಟೆಗಳ ವಿವರ ಎರಡನೇ ಪುಟದ ಕೆಳಗೆ. ಚೀಫ್ ಇನ್‌ಸ್ಟ್ರಕ್ಟರ್ ಒಬ್ಬ ಈ ಕಾಗದಕ್ಕೆ ಕೊಡುವ ಸಮಯ ಅರ್ಧ ನಿಮಿಷ. ಅವನು ಹುಡುಕುವುದು ಇಷ್ಟು: ಯಾವ ಯಾವ ರೇಟಿಂಗ್, ಒಟ್ಟು ಗಂಟೆ, ವಿಮಾನದ ಹೊಣೆ ತಾನೇ ಹೊತ್ತು ಹಾರಿದ ಪೈಲಟ್ ಇನ್ ಕಮಾಂಡ್ ಗಂಟೆ, ಯಾವ ಮಾದರಿಯ ವಿಮಾನದಲ್ಲಿ ಎಷ್ಟು, ಮೆಡಿಕಲ್ ಯಾವ ದರ್ಜೆಯದು, ಚೆಕ್‌ರೈಡ್‌ನಲ್ಲಿ (ಪರೀಕ್ಷಕರ ಜೊತೆಗಿನ ಹಾರಾಟ ಪರೀಕ್ಷೆಯಲ್ಲಿ) ಎಷ್ಟು ಸಲ ಫೇಲ್, ವಾರದ ಯಾವ ದಿನ ಸಿಗುತ್ತಾನೆ, ಯಾವಾಗಿನಿಂದ ಬರಬಲ್ಲ. ಒಂದು ಪುಟ ಬೇಕಾದಷ್ಟಾಯಿತು. ಫೇಲ್ ಆಗಿದ್ದರೆ ಮುಚ್ಚಿಡಬಾರದು. ಒಂದು ಸಲ ಫೇಲ್ ಆದವನನ್ನು ಯಾರೂ ದೂರ ಇಡುವುದಿಲ್ಲ, ಮುಚ್ಚಿಟ್ಟವನನ್ನು ಇಡುತ್ತಾರೆ.

ಮೂರನೆಯದೇ ನಿಜವಾದ ಕಾರಣ. ಅವನ ಬಳಿ ಬರೀ ಸಿಎಫ್ಐ ಇತ್ತು, ಇನ್‌ಸ್ಟ್ರುಮೆಂಟ್ ಕಲಿಸುವ ಸಿಎಫ್ಐಐ ಇರಲಿಲ್ಲ. ಪ್ರೈವೇಟ್ ವಿದ್ಯಾರ್ಥಿಗೆ ಬೇಕಾದ 3 ಗಂಟೆಯ ಇನ್‌ಸ್ಟ್ರುಮೆಂಟ್ ಅಭ್ಯಾಸವನ್ನು ಸಾದಾ ಸಿಎಫ್ಐ ಕೊಡಬಹುದು. ಇನ್‌ಸ್ಟ್ರುಮೆಂಟ್ ರೇಟಿಂಗ್‌ಗಾಗಿ ಬಂದವನಿಗೆ ಆ ತರಬೇತಿ ಕೊಡುವಂತಿಲ್ಲ. ಅಂದರೆ ವಿದ್ಯಾರ್ಥಿ ಪ್ರೈವೇಟ್ ಮುಗಿಸಿದ ದಿನವೇ ಬೇರೆ ಬೋಧಕನಿಗೆ ಹೋಗಬೇಕು. ಬೋಧಕರು ಸಾಲುಗಟ್ಟಿ ನಿಂತಿರುವಾಗ ಅರ್ಧ ದಾರಿಯವನನ್ನು ಯಾವ ಶಾಲೆ ತೆಗೆದುಕೊಂಡೀತು?

ಸಿಎಫ್ಐಐಗೆ ಇನ್ನೊಂದು ಲಾಭವಿದೆ, ಹೊಸಬರು ಅದನ್ನು ಗಮನಿಸುವುದಿಲ್ಲ. ಉತ್ತರ ಟೆಕ್ಸಸ್‌ನ ಚಳಿಗಾಲದಲ್ಲಿ ಬೆಳಗ್ಗೆ ಮೋಡ ತಗ್ಗಿ ಕೂತುಬಿಡುತ್ತದೆ, ಪ್ರೈವೇಟ್ ಪಾಠ ರದ್ದು. ಅದೇ ಮೋಡದಲ್ಲಿ ಇನ್‌ಸ್ಟ್ರುಮೆಂಟ್ ವಿದ್ಯಾರ್ಥಿಯನ್ನು ಕರೆದುಕೊಂಡು ಹೋಗುವುದೇ ಒಳ್ಳೆಯ ಪಾಠ. ಹಿಮಗಟ್ಟುವ ಮಟ್ಟ ಮೇಲಿರಬೇಕು ಅಷ್ಟೇ. ಸೆಸ್ನಾ ಕಂಪನಿಯ ಪುಟ್ಟ ತರಬೇತಿ ವಿಮಾನಗಳಿಗೆ ರೆಕ್ಕೆಯ ಮೇಲಿನ ಮಂಜುಗಡ್ಡೆ ಕಳೆಯುವ ವ್ಯವಸ್ಥೆ ಇರುವುದಿಲ್ಲ. ಕಡ್ಡಾಯ ರಜೆಯಾಗುವ ದಿನ ಹೀಗೆ ದುಡಿಮೆಯ ದಿನವಾಗುತ್ತದೆ.

ದಾರಿ ಬದಲಿಸಿದ್ದು

ಜನವರಿ ಕೊನೆಯಲ್ಲಿ ಸಿಎಫ್ಐಐಗೆ ಕೂತ. ಇದಕ್ಕೆ ಕನಿಷ್ಠ ಇಷ್ಟು ಗಂಟೆ ಎಂಬ ನಿಯಮವಿಲ್ಲ. 50 ಪ್ರಶ್ನೆಗಳ ಲಿಖಿತ ಪರೀಕ್ಷೆ, ಬೋಧಕನ ಎಂಡೋರ್ಸ್‌ಮೆಂಟ್ (ಸಿದ್ಧನಿದ್ದಾನೆ ಎಂಬ ಸಹಿ), ಚೆಕ್‌ರೈಡ್. ಬೋಧಕ ಕೂರುವ ಬಲಗಡೆಯ ಸೀಟಿನಿಂದ ಅಪ್ರೋಚ್‌ಗಳನ್ನು (ಉಪಕರಣ ನೋಡಿ ರನ್‌ವೇ ಕಡೆ ಇಳಿದುಬರುವ ಹಾದಿಗಳನ್ನು) ಹಾರಿಸುತ್ತ, ಬಾಯಲ್ಲಿ ವಿವರಿಸುತ್ತ ಹೋಗುವುದು ರೂಢಿಯಾಗಲು ಸುಮಾರು 12 ಗಂಟೆ ಹಿಡಿಯಿತು. ವಿಮಾನ ಬಾಡಿಗೆ, ಬೋಧಕನ ಶುಲ್ಕ, ಪರೀಕ್ಷಕರ ಶುಲ್ಕ ಸೇರಿ 3,500 ಡಾಲರ್ ಆಸುಪಾಸು. ಕೆಲಸವಿಲ್ಲದವನಿಗೆ ಇದು ದೊಡ್ಡ ಮೊತ್ತ. ಆದರೂ ಅವನು ಹಣ ಹಾಕಿದ ಕಡೆಗಳಲ್ಲೆಲ್ಲ ಬೇಗ ವಾಪಸ್ ಬಂದದ್ದು ಇದೇ.

ಜೊತೆಗೆ ಆನ್‌ಲೈನ್ ಅರ್ಜಿ ನಿಲ್ಲಿಸಿ ಕಾರು ತೆಗೆದ. ಡೆಂಟನ್, ಮೆಕಿನ್ನಿ, ಆರ್ಲಿಂಗ್ಟನ್, ಗ್ರ್ಯಾಂಡ್ ಪ್ರೇರಿ, ಎಲ್ಲವೂ ಮನೆಯಿಂದ ಹೋಗಿ ಬರುವ ದೂರದಲ್ಲಿರುವ ವಿಮಾನ ನಿಲ್ದಾಣಗಳು. ಮಂಗಳವಾರ, ಬುಧವಾರ ಮಧ್ಯಾಹ್ನ ಹೋಗಬೇಕು. ಶನಿವಾರ ಹೋದರೆ ಚೀಫ್ ಇನ್‌ಸ್ಟ್ರಕ್ಟರ್ ಆಕಾಶದಲ್ಲಿರುತ್ತಾನೆ. ಕೌಂಟರ್‌ನಲ್ಲಿ ರೆಸ್ಯೂಮೆ ಇಟ್ಟು ಬರುವುದಕ್ಕಿಂತ ಒಳ್ಳೆಯ ಉಪಾಯವೊಂದಿದೆ. ಆ ಶಾಲೆಯ ವಿಮಾನದಲ್ಲಿ ಬಾಡಿಗೆ ಚೆಕ್‌ಔಟ್, ಅಂದರೆ ಬಾಡಿಗೆಗೆ ಕೊಡುವ ಮೊದಲು ಶಾಲೆಯ ಬೋಧಕ ಜೊತೆಗೆ ಹಾರಿ ನೋಡುವ ಪರೀಕ್ಷೆ, ತೆಗೆದುಕೊಳ್ಳುವುದು. ಒಂದೂವರೆ ಗಂಟೆಯ ಬಾಡಿಗೆ ಖರ್ಚಾಗುತ್ತದೆ, ಆದರೆ ಅಲ್ಲಿಯ ಹಿರಿಯ ಬೋಧಕನೊಬ್ಬ ನಿಮ್ಮ ಹಾರಾಟವನ್ನು ಕಣ್ಣಾರೆ ನೋಡಿರುತ್ತಾನೆ. ಆ ಹೊತ್ತಿನಲ್ಲಿ ನೀವೂ ಕಣ್ಣು ತೆರೆದು ನೋಡಬೇಕು: ಹ್ಯಾಂಗರ್‌ನಲ್ಲಿ ಕವಚ ಬಿಚ್ಚಿಟ್ಟ ವಿಮಾನಗಳು ಎಷ್ಟು, ಸಣ್ಣಪುಟ್ಟ ದೋಷಗಳನ್ನು ಬರೆಯುವ ಪುಸ್ತಕದಲ್ಲಿ ಹಳೆಯ ದೂರುಗಳು ಹಾಗೇ ಕೂತಿವೆಯೇ, ಬೋಧಕರು ಸೋಫಾದಲ್ಲಿ ಫೋನ್ ನೋಡುತ್ತ ಕೂತಿದ್ದಾರೆಯೇ. ಸೋಫಾ ತುಂಬಿದ್ದರೆ ಆ ಶಾಲೆಯಲ್ಲಿ ಕೆಲಸವಿಲ್ಲ, ಬೋರ್ಡಿನಲ್ಲಿ ಏನೇ ಬರೆದಿರಲಿ.

ಇನ್ನೊಂದು ವಿಷಯ ಮುಜುಗರದ್ದು, ಆದರೆ ಕೇಳಿಯೇ ಕೇಳುತ್ತಾರೆ: ಬೋಧಕನ ತೂಕ. ಸೆಸ್ನಾ 152ರಂಥ ಪುಟ್ಟ ವಿಮಾನದಲ್ಲಿ ಇಂಧನ ಪೂರ್ತಿ ತುಂಬಿಸಿದರೆ ಇಬ್ಬರಿಗೆ ಉಳಿಯುವುದು ಸುಮಾರು 170 ಕಿಲೋ, ವಿಮಾನದಿಂದ ವಿಮಾನಕ್ಕೆ ತುಸು ಹೆಚ್ಚು ಕಡಿಮೆ. 95 ಕಿಲೋದ ಬೋಧಕ, 90 ಕಿಲೋದ ವಿದ್ಯಾರ್ಥಿ ಸೇರಿದರೆ ಇಂಧನ ಕಡಿಮೆ ಮಾಡಬೇಕು. ಸೆಸ್ನಾ 172ರಲ್ಲಿ ಈ ತೊಂದರೆ ಅಷ್ಟಿಲ್ಲ.

ಸಂದರ್ಶನ: ಬೋರ್ಡಿನ ಮುಂದೆ, ಆಮೇಲೆ ಬಲಗಡೆ ಸೀಟಿನಲ್ಲಿ

ಮಾರ್ಚ್‌ನಲ್ಲಿ ಎರಡು ಕಡೆಯಿಂದ ಕರೆ ಬಂತು. ಎರಡೂ ಕಡೆ ಕ್ರಮ ಒಂದೇ. ಮೊದಲು ವೈಟ್‌ಬೋರ್ಡ್. "16 ವರ್ಷದ ಹುಡುಗಿಗೆ ಸ್ಟಾಲ್ ಅಂದರೆ ಏನು ಅಂತ ಹತ್ತು ನಿಮಿಷದಲ್ಲಿ ಹೇಳಿ" ಎಂದು ಮಾರ್ಕರ್ ಕೈಗೆ ಕೊಟ್ಟರು. ಇಲ್ಲಿ ಹೆಚ್ಚಿನವರು ಎಡವುವುದು ವಿಷಯ ಗೊತ್ತಿಲ್ಲದೆ ಅಲ್ಲ, ಗೊತ್ತಿರುವುದನ್ನೆಲ್ಲ ಸುರಿದು. ಲಿಫ್ಟ್ ಸಮೀಕರಣ, ರೆಕ್ಕೆಯ ಗ್ರಾಫು, ಕ್ರಿಟಿಕಲ್ ಆ್ಯಂಗಲ್‌ನ ಸಂಖ್ಯೆ. ಎದುರಿಗಿರುವವರು ನೋಡುವುದು ಬೇರೆ: ಮೊದಲ ಎರಡು ನಿಮಿಷದೊಳಗೆ ಒಂದು ಪ್ರಶ್ನೆಯನ್ನಾದರೂ ಕೇಳಿದನೇ? ವಿದ್ಯಾರ್ಥಿಗೆ ಏನು ಗೊತ್ತಿದೆ ಎಂದು ತಿಳಿದುಕೊಂಡನೇ? ಕೊನೆಯಲ್ಲಿ ಅರ್ಥವಾಯಿತೋ ಇಲ್ಲವೋ ಪರೀಕ್ಷಿಸಿದನೇ? ಯಾವ ವೇಗದಲ್ಲಾದರೂ, ಮೂಗು ಯಾವ ದಿಕ್ಕಿಗಿದ್ದರೂ ಸ್ಟಾಲ್ ಆಗಬಹುದು ಎಂಬ ಒಂದು ಮಾತು ವಿದ್ಯಾರ್ಥಿಯ ತಲೆಗೆ ಇಳಿದರೆ ಹತ್ತು ನಿಮಿಷ ಸಾರ್ಥಕ.

ಆಮೇಲೆ ಹಾರಾಟ. 50 ಡಿಗ್ರಿಯ ಕಡಿದಾದ ತಿರುವು, ಎತ್ತರದಲ್ಲಿ 100 ಅಡಿ ಹೆಚ್ಚು ಕಡಿಮೆಯಾಗಬಾರದು. ಎಂಜಿನ್ ಐಡಲ್‌ಗೆ ತಂದು 180 ಡಿಗ್ರಿ ತಿರುಗಿ, ಮೊದಲೇ ಹೇಳಿದ ಗುರುತಿನಿಂದ 200 ಅಡಿಯೊಳಗೆ ಇಳಿಯುವುದು, ಗುರುತಿಗಿಂತ ಹಿಂದೆ ಬೀಳುವಂತಿಲ್ಲ. ಇವೆಲ್ಲ ಕಮರ್ಷಿಯಲ್ ಪರೀಕ್ಷೆಯವೇ. ಬಲಗಡೆ ಸೀಟಿನಿಂದ ನೋಡುವಾಗ ಮೂಗಿನ ಓರೆಯ ಅಂದಾಜು ಬದಲಾಗುತ್ತದೆ, ಸರಿಯಾಗಿ ಅಭ್ಯಾಸವಿಲ್ಲದವರ ಚಕ್ರ ರನ್‌ವೇಗೆ ಓರೆಯಾಗಿ ತಾಗುತ್ತದೆ.

ನಿಜವಾದ ಪರೀಕ್ಷೆ ಕೊನೆಯ ಮೂರು ಲ್ಯಾಂಡಿಂಗ್. ಚೀಫ್ ಇನ್‌ಸ್ಟ್ರಕ್ಟರ್ ಎಡಗಡೆ ಕೂತು ವಿದ್ಯಾರ್ಥಿಯಂತೆ ನಟಿಸುತ್ತಾನೆ. ಒಂದರಲ್ಲಿ 15 ಅಡಿ ಎತ್ತರದಲ್ಲೇ ಮೂಗೆತ್ತುತ್ತಾನೆ, ಒಂದರಲ್ಲಿ ನೆಲ ಹತ್ತಿರ ಬಂದರೂ ಮೂಗೆತ್ತದೆ ಸುಮ್ಮನಿರುತ್ತಾನೆ, ಇನ್ನೊಂದರಲ್ಲಿ ವೇಗ ಕುಸಿಯುತ್ತಿದ್ದರೂ ಮಾತಾಡುತ್ತಲೇ ಇರುತ್ತಾನೆ. ಮೊದಲನೇ ಶಾಲೆಯಲ್ಲಿ ನಮ್ಮವನು ಪ್ರತಿ ಸಲವೂ ತೀರ ಬೇಗ ಕೈಹಾಕಿದ. ಹಾಗೆ ಮಾಡುವವನ ವಿದ್ಯಾರ್ಥಿ ತಪ್ಪು ತಿದ್ದಿಕೊಳ್ಳಲು ಕಲಿಯುವುದೇ ಇಲ್ಲ. ಎರಡನೇ ಕಡೆ ಮೊದಲು ಮಾತಿನಿಂದ ಹೇಳಿದ, ಕೇಳದಿದ್ದಾಗ "ಐ ಹ್ಯಾವ್ ದ ಕಂಟ್ರೋಲ್ಸ್" ಎಂದು ಸ್ಪಷ್ಟವಾಗಿ ಹೇಳಿ, ಥ್ರಾಟಲ್ ಪೂರ್ತಿ ಕೊಟ್ಟು ಮತ್ತೆ ಮೇಲೇರಿದ. ಇಷ್ಟು ಎತ್ತರ, ಇಷ್ಟು ವೇಗ, ಇದಕ್ಕಿಂತ ಕೆಟ್ಟರೆ ವಿಮಾನ ನನ್ನದು ಎಂಬ ಗೆರೆಯನ್ನು ಹಾರುವ ಮೊದಲೇ ಮನಸ್ಸಿನಲ್ಲಿ ಎಳೆದುಕೊಂಡಿರಬೇಕು. ಅದನ್ನು ಬ್ರೀಫಿಂಗ್‌ನಲ್ಲೇ ಬಾಯಿಬಿಟ್ಟು ಹೇಳಿದ್ದು ಅವನಿಗೆ ಅಂಕ ತಂದಿತು.

ಪಾರ್ಟ್ 141, ಅಂದರೆ ಸರ್ಕಾರ ಒಪ್ಪಿದ ಪಾಠಕ್ರಮದ ಮಾನ್ಯತೆಯಿರುವ ಶಾಲೆಗಳು ಇನ್ನೂ ಬಿಗಿ. ಆ ಮಾನ್ಯತೆ ಉಳಿಯಬೇಕಾದರೆ ಅಲ್ಲಿಯ ವಿದ್ಯಾರ್ಥಿಗಳು ಮೊದಲ ಪ್ರಯತ್ನದಲ್ಲೇ ಕನಿಷ್ಠ ಶೇಕಡಾ 80ರ ಪ್ರಮಾಣದಲ್ಲಿ ಪಾಸಾಗುತ್ತಿರಬೇಕು. ಹೊಸ ಬೋಧಕನ ಎರಡು ಮೂರು ವಿದ್ಯಾರ್ಥಿಗಳು ಫೇಲಾದರೆ ಶಾಲೆಯ ಲೆಕ್ಕವೇ ಕೆಡುತ್ತದೆ.

ಎರಡು ಆಹ್ವಾನ, ಒಂದು ಭಾಗಾಕಾರ

ಇಬ್ಬರೂ ಕೆಲಸ ಕೊಟ್ಟರು. ಆ ಹೊತ್ತಿಗೆ ಅವನ ಗಂಟೆ 286.

ಮೊದಲನೇ ಶಾಲೆ: ಹೊಸ ಕಟ್ಟಡ, ಡಿಜಿಟಲ್ ಪರದೆಯ ಸೆಸ್ನಾ 172ಗಳು, ಗಂಟೆಗೆ 32 ಡಾಲರ್. ಸ್ವತಂತ್ರ ಗುತ್ತಿಗೆದಾರನಾಗಿ, ಅಂದರೆ 1099 ಫಾರಂನಡಿ. ವಿಮಾನ 5, ಬೋಧಕರು 14.

ಎರಡನೇ ಶಾಲೆ: ಬಣ್ಣ ಮಾಸಿದ ಪೈಪರ್, ಸೆಸ್ನಾಗಳು, ಗಂಟೆಗೆ 25 ಡಾಲರ್. ನೌಕರನಾಗಿ, ಅಂದರೆ ಡಬ್ಲ್ಯೂ-2. ವಿಮಾನ 9, ಇವನನ್ನೂ ಸೇರಿಸಿ ಬೋಧಕರು 8. ಶಾಲೆಯದೇ ಇಬ್ಬರು ಮೆಕ್ಯಾನಿಕ್‌ಗಳು.

ಮನೆಯವರ ಮತ 32ರ ಕಡೆಗೆ. ಲೆಕ್ಕ ಹಾಕಿದರೆ ಬೇರೆ ಕಾಣುತ್ತದೆ. ಬಾಡಿಗೆಗೆ ಹಾರುವ ತರಬೇತಿ ವಿಮಾನಕ್ಕೆ ಪ್ರತಿ 100 ಗಂಟೆಗೊಮ್ಮೆ ತಪಾಸಣೆ ಕಡ್ಡಾಯ. ತಿಂಗಳಿಗೆ 80 ಗಂಟೆ ಹಾರುವ ವಿಮಾನ ಐದಾರು ವಾರಕ್ಕೊಮ್ಮೆ ಹ್ಯಾಂಗರ್ ಸೇರುತ್ತದೆ. ಹಾಗಾಗಿ ಯಾವ ಶಾಲೆಯಲ್ಲೂ ಒಂದು ವಿಮಾನ ಇಲ್ಲವೆಂದೇ ಹಿಡಿಯಬೇಕು. ಹಗಲಿನಲ್ಲಿ ಎರಡೆರಡು ಗಂಟೆಯ ಐದು ಸ್ಲಾಟ್. ಮೊದಲನೇ ಶಾಲೆಯಲ್ಲಿ 4 ವಿಮಾನಕ್ಕೆ 20 ಸ್ಲಾಟ್, 14 ಬೋಧಕರಿಗೆ ಹಂಚಿದರೆ ತಲೆಗೆ 1.4. ಎರಡನೇ ಶಾಲೆಯಲ್ಲಿ 8 ವಿಮಾನಕ್ಕೆ 40, 8 ಜನಕ್ಕೆ ತಲೆಗೆ 5. ಅಷ್ಟೂ ತುಂಬುವುದಿಲ್ಲ ಎಂದಿಟ್ಟುಕೊಂಡು 3 ಎನ್ನೋಣ. ಹಲ್ಲಿದ್ದವನಿಗೆ ಕಡಲೆ ಇಲ್ಲ ಎನ್ನುವುದು ಮೊದಲನೇ ಶಾಲೆಯ ಪಾಡು.

ವಾರಕ್ಕೆ ಆರು ದಿನ. ಹವೆ, ಯಂತ್ರದೋಷ, ವಿದ್ಯಾರ್ಥಿಯ ನೆಗಡಿ ಇವುಗಳಿಂದ ಮೂರರಲ್ಲಿ ಒಂದು ರದ್ದು. ಎರಡು ಗಂಟೆಯ ಸ್ಲಾಟ್‌ನಲ್ಲಿ ದುಡ್ಡು ಹುಟ್ಟುವುದು 1.2 ಗಂಟೆ ಹಾರಾಟ, 0.4 ಗಂಟೆ ನೆಲದ ಪಾಠಕ್ಕೆ ಮಾತ್ರ. ಉಳಿದದ್ದು ಇಂಧನ ತುಂಬಿಸುವುದು, ಕಟ್ಟಿಹಾಕುವುದು, ಕಾಯುವುದು.

ಮೊದಲನೇ ಶಾಲೆ: ವಾರಕ್ಕೆ 5.6 ಪಾಠ, 9 ಗಂಟೆಯ ಸಂಬಳ, 288 ಡಾಲರ್. ಗುತ್ತಿಗೆದಾರ ಸೋಷಿಯಲ್ ಸೆಕ್ಯುರಿಟಿ (ಪಿಂಚಣಿ), ಮೆಡಿಕೇರ್ (ವೃದ್ಧರ ಆರೋಗ್ಯ ವಿಮೆ) ತೆರಿಗೆಗಳಲ್ಲಿ ಮಾಲೀಕನ ಪಾಲು, ನೌಕರನ ಪಾಲು ಎರಡನ್ನೂ ತಾನೇ ಕಟ್ಟಬೇಕು. ದರ ಶೇಕಡಾ 15.3, ಆದಾಯದ ಶೇಕಡಾ 92.35 ಭಾಗದ ಮೇಲೆ. ಉಳಿಯುವುದು ಸುಮಾರು 247.

ಎರಡನೇ ಶಾಲೆ: 12 ಪಾಠ, 19.2 ಗಂಟೆ, 480 ಡಾಲರ್. ನೌಕರನ ಪಾಲು ಶೇಕಡಾ 7.65 ಕಳೆದರೆ 443. ಆದಾಯ ತೆರಿಗೆ ಎರಡಕ್ಕೂ ಬೇರೆ.

ಹಣಕ್ಕಿಂತ ಗಂಟೆಯ ಲೆಕ್ಕ ಇನ್ನೂ ಕಠೋರ. 1500 ಮುಟ್ಟಲು ಬಾಕಿ 1214. ವಾರಕ್ಕೆ 6.7 ಗಂಟೆಯಂತೆ ಮೊದಲನೇ ಕಡೆ 181 ವಾರ, ಮೂರೂವರೆ ವರ್ಷ. ವಾರಕ್ಕೆ 14.4ರಂತೆ ಎರಡನೇ ಕಡೆ 84 ವಾರ. ಗಂಟೆಗೆ ಎಷ್ಟು ಕೊಡುತ್ತೀರಿ ಎಂಬುದು ಸಂದರ್ಶನದಲ್ಲಿ ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಕೇಳಬೇಕಾದದ್ದು: ಹಾರಲು ಸಿದ್ಧವಿರುವ ವಿಮಾನ ಎಷ್ಟು, ಬೋಧಕರು ಎಷ್ಟು, ಮೆಕ್ಯಾನಿಕ್ ಶಾಲೆಯವನೋ ಹೊರಗಿನವನೋ, ಕಳೆದ ತಿಂಗಳು ನಿಮ್ಮ ಬೋಧಕನೊಬ್ಬ ಎಷ್ಟು ಗಂಟೆ ಹಾರಿದ.

ಎರಡನೆಯದನ್ನೇ ಒಪ್ಪಿಕೊಂಡ. ಒಪ್ಪುವ ಮೊದಲು ಮೂರು ವಿಷಯ ಬರವಣಿಗೆಯಲ್ಲಿ ಕೇಳಿ ಪಡೆದ. ನೆಲದ ಪಾಠಕ್ಕೂ ಅದೇ ದರ. ಹೇಳದೆ ಕೇಳದೆ ತಪ್ಪಿಸಿಕೊಂಡ ವಿದ್ಯಾರ್ಥಿಯಿಂದ ವಸೂಲಾಗುವ ದಂಡದಲ್ಲಿ ಬೋಧಕನಿಗೂ ಪಾಲು. ಕೌಂಟರ್‌ನಲ್ಲಿ ಕೂರಿಸಿದರೆ ಆ ಹೊತ್ತಿಗೂ ಗಂಟೆಯ ಕೂಲಿ. ಕೊನೆಯದು ದಾನವೇನಲ್ಲ. ನೌಕರನನ್ನು ಇಲ್ಲೇ ಇರು ಎಂದು ಕಟ್ಟಿಹಾಕಿದ ಸಮಯಕ್ಕೆ ಕನಿಷ್ಠ ವೇತನ ಕೊಡಬೇಕಾಗುತ್ತದೆ. ಟೆಕ್ಸಸ್‌ನಲ್ಲಿ ಅದು ಗಂಟೆಗೆ 7.25 ಡಾಲರ್. ಶಾಲೆಯಲ್ಲಿ ವಾರಕ್ಕೆ 54 ಗಂಟೆ ಕಳೆದು 480 ಪಡೆದರೆ ಗಂಟೆಗೆ ಬೀಳುವುದು 8.90 ಎಂಬುದನ್ನು ನೋಡಿದರೆ ಈ ಷರತ್ತಿನ ಬೆಲೆ ಅರ್ಥವಾಗುತ್ತದೆ.

1099 ಅಡಿ ಸೇರುವವರಿಗೆ ಒಂದು ಮಾತು. ಏಪ್ರಿಲ್ 15, ಜೂನ್ 15, ಸೆಪ್ಟೆಂಬರ್ 15, ಜನವರಿ 15, ಹೀಗೆ ನಾಲ್ಕು ಕಂತಿನಲ್ಲಿ ಅಂದಾಜು ತೆರಿಗೆ ನೀವೇ ಕಟ್ಟಬೇಕು. ಬಂದದ್ದನ್ನೆಲ್ಲ ಖರ್ಚು ಮಾಡಿ ವರ್ಷದ ಕೊನೆಯಲ್ಲಿ ಬೆಚ್ಚಿಬೀಳುವ ಹೊಸಬರು ಬಹಳ. ಬಂದ ದಿನವೇ ಕಾಲು ಭಾಗ ಬೇರೆ ಖಾತೆಗೆ ಹಾಕಿಬಿಡುವುದು ಕ್ಷೇಮ. ಇನ್ನು, ಶಾಲೆಯವರು ನಿಮ್ಮ ವೇಳಾಪಟ್ಟಿ, ಸಮವಸ್ತ್ರ, ಪಾಠಕ್ರಮ ಎಲ್ಲವನ್ನೂ ತಾವೇ ನಿರ್ಧರಿಸಿ ಹೆಸರಿಗೆ ಮಾತ್ರ ಗುತ್ತಿಗೆದಾರ ಎನ್ನುತ್ತಿದ್ದರೆ, ಅದು ಸರಿಯೇ ಎಂದು ತೆರಿಗೆ ಇಲಾಖೆಯನ್ನು ಕೇಳಲು ಎಸ್ಎಸ್-8 ಎಂಬ ಫಾರಂ ಇದೆ.

ಅನಾಥ ವಿದ್ಯಾರ್ಥಿಗಳು

ಹೊಸ ಬೋಧಕನಿಗೆ ಹೊಸ ವಿದ್ಯಾರ್ಥಿ ಸಿಗುವುದು ಅಪರೂಪ. ಸಿಗುವುದು ಹಿಂದಿನ ಬೋಧಕ ಬಿಟ್ಟುಹೋದವರು. ಮೂರು ಜನರ ಕೈ ದಾಟಿ, ಮೂರು ಬಗೆಯ ಲ್ಯಾಂಡಿಂಗ್ ಕಲಿತು, ತಾಳ್ಮೆ ಕಳೆದುಕೊಂಡವರು. ಇವನಿಗೆ ಮೊದಲ ವಾರ ಕೊಟ್ಟದ್ದು ಅಂಥ ನಾಲ್ವರನ್ನು.

ಒಬ್ಬರಿಗೆ 61 ಗಂಟೆಯಾಗಿತ್ತು, ಪರೀಕ್ಷೆಯ ದಿನವೂ ನಿಗದಿಯಾಗಿತ್ತು. ಹಿಂದಿನವನು ಎಲ್ಲ ಮುಗಿಸಿದ್ದೇನೆ ಎಂದು ಬರೆದಿಟ್ಟಿದ್ದ. ಇವನು ಹಾರಾಟ ಚೆನ್ನಾಗಿದೆ ಎಂದು ನೋಡಿ ಸಹಿ ಹಾಕಿದ. ಪರೀಕ್ಷಕರು ಲಾಗ್‌ಬುಕ್ ತಿರುವಿ ಹತ್ತೇ ನಿಮಿಷದಲ್ಲಿ ನಿಲ್ಲಿಸಿದರು. ಪ್ರೈವೇಟ್‌ಗೆ ರಾತ್ರಿ 10 ಲ್ಯಾಂಡಿಂಗ್ ಬೇಕು, ಪ್ರತಿಯೊಂದೂ ಪೂರ್ತಿ ನಿಂತು ಮತ್ತೆ ಹೊರಟದ್ದಾಗಿರಬೇಕು. ಈ ಹತ್ತರಲ್ಲಿ ಆರು ಟಚ್ ಆ್ಯಂಡ್ ಗೋ, ಚಕ್ರ ತಾಗಿಸಿ ನಿಲ್ಲದೆ ಮತ್ತೆ ಮೇಲೇರಿದ್ದು. ಅರ್ಹತೆಯೇ ಇಲ್ಲದ್ದರಿಂದ ಪರೀಕ್ಷೆ ಶುರುವಾಗಲಿಲ್ಲ, ದಾಖಲೆಯಲ್ಲಿ ಫೇಲ್ ಎಂದೂ ಬೀಳಲಿಲ್ಲ. ಆದರೆ ವಿದ್ಯಾರ್ಥಿಗೆ ಆ ದಿನದ ವಿಮಾನ, ಪರೀಕ್ಷಕರ ಸಮಯ, ಮತ್ತೆ ಒಂದೂವರೆ ತಿಂಗಳ ಕಾಯುವಿಕೆ ಎಲ್ಲ ನಷ್ಟ.

ಅಂದಿನಿಂದ ಬೇರೆಯವರಿಂದ ಬಂದ ಪ್ರತಿ ಲಾಗ್‌ಬುಕ್‌ಗೂ ಮೊದಲ ಪಾಠ ನೆಲದ ಮೇಲೆಯೇ, ಅದಕ್ಕೆ ಒಂದು ಗಂಟೆಯ ಬಿಲ್. ಸಾಲು ಸಾಲಾಗಿ ನೋಡುವುದು ಇವನ್ನು: ಒಟ್ಟು 40 ಗಂಟೆ; ಬೋಧಕನೊಂದಿಗೆ 20; ಒಂಟಿಯಾಗಿ 10, ಅದರಲ್ಲಿ 5 ದೂರ ಪ್ರಯಾಣ. ಒಂಟಿಯಾಗಿ ಹೋದ 150 ನಾಟಿಕಲ್ ಮೈಲಿಯ ಪ್ರಯಾಣದಲ್ಲಿ ಮೂರು ಕಡೆ ಪೂರ್ತಿ ನಿಂತಿರಬೇಕು, ಒಂದು ಹಂತ ನೇರ ಗೆರೆಯಲ್ಲಿ 50 ಮೈಲಿಗಿಂತ ಹೆಚ್ಚಿರಬೇಕು. ಈ ಅಳತೆಯಲ್ಲಿ 49 ಬಂದದ್ದುಂಟು, ಹಾಗಾಗಿ ನಕ್ಷೆಯ ಮೇಲೆ ಮತ್ತೆ ಅಳೆಯಬೇಕು. ಟವರ್ ಇರುವ ನಿಲ್ದಾಣದಲ್ಲಿ ಒಂಟಿಯಾಗಿ ಮೂರು ಸಲ ಇಳಿದು ನಿಂತದ್ದು. ರಾತ್ರಿ 3 ಗಂಟೆ, ಅದರಲ್ಲಿ 100 ಮೈಲಿ ದಾಟಿದ ಒಂದು ಪ್ರಯಾಣ. ಇನ್‌ಸ್ಟ್ರುಮೆಂಟ್ 3 ಗಂಟೆ. ಪರೀಕ್ಷಾ ತಯಾರಿಯ 3 ಗಂಟೆ ಹಿಂದಿನ ಎರಡು ಕ್ಯಾಲೆಂಡರ್ ತಿಂಗಳೊಳಗಿನದೇ ಆಗಿರಬೇಕು. ಹವೆಯಿಂದ ಪರೀಕ್ಷೆ ಮುಂದೆ ಹೋದಾಗ ತಪ್ಪಿಹೋಗುವುದು ಇದೇ. ಲಿಖಿತ ಪರೀಕ್ಷೆಯ ಫಲಿತಾಂಶಕ್ಕೆ 24 ತಿಂಗಳ ಆಯುಸ್ಸು. ಒಂಟಿ ಹಾರಾಟದ ಎಂಡೋರ್ಸ್‌ಮೆಂಟ್ 90 ದಿನಕ್ಕೆ ಮುಗಿಯುತ್ತದೆ, ಅದೂ ಆಯಾ ಮಾದರಿಯ ವಿಮಾನಕ್ಕೆ ಮಾತ್ರ.

ಬೋಧಕ ತಾನು ಕೊಟ್ಟ ಎಂಡೋರ್ಸ್‌ಮೆಂಟ್‌ಗಳ ದಾಖಲೆಯನ್ನು 3 ವರ್ಷ ಇಟ್ಟುಕೊಳ್ಳಬೇಕು. ಹೊಸ ವಿದ್ಯಾರ್ಥಿಯಾದರೆ ಪೌರತ್ವದ ದಾಖಲೆ ನೋಡದೆ ಪಾಠ ಶುರು ಮಾಡುವಂತಿಲ್ಲ. ಗ್ರೀನ್ ಕಾರ್ಡ್‌ದಾರರೂ ಸೇರಿದಂತೆ ಅಮೆರಿಕದ ಪ್ರಜೆಯಲ್ಲದವರಿಗೆ ಪ್ರೈವೇಟ್, ಇನ್‌ಸ್ಟ್ರುಮೆಂಟ್, ಎರಡು ಎಂಜಿನ್ ತರಬೇತಿಗೆ ಸಾರಿಗೆ ಭದ್ರತಾ ಸಂಸ್ಥೆ ಟಿಎಸ್ಎಯ ಪರಿಶೀಲನೆ ಆಗಿರಬೇಕು.

ಋತುಗಳು ಮತ್ತು ಸಂಬಳ

ಮಾರ್ಚ್, ಏಪ್ರಿಲ್‌ನಲ್ಲಿ ಗಾಳಿ. ದಕ್ಷಿಣದಿಂದ 20–25 ನಾಟ್ ಬೀಸಿದರೆ ಒಂಟಿ ಹಾರಾಟವೆಲ್ಲ ರದ್ದು, ಬೋಧಕ ಜೊತೆಗಿರುವ ಪಾಠ ನಡೆಯುತ್ತದೆ. ಮೇ ತಿಂಗಳಲ್ಲಿ ಗುಡುಗು. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನ 40 ಡಿಗ್ರಿ ಸೆಲ್ಸಿಯಸ್ ಆಸುಪಾಸು, ವಿಮಾನದಲ್ಲಿ ಎಸಿ ಇಲ್ಲ, ಕಾದ ತೆಳುಗಾಳಿಯಲ್ಲಿ ಸೆಸ್ನಾ ತೆವಳುತ್ತ ಏರುತ್ತದೆ. ಇವನು ಬೇಸಿಗೆಯಲ್ಲಿ ಬೆಳಗ್ಗೆ 6ಕ್ಕೆ ಶುರು ಮಾಡಿ 11ಕ್ಕೆ ಮುಗಿಸಿ, ಸಂಜೆ 7ಕ್ಕೆ ಮತ್ತೆ ಬರುತ್ತಿದ್ದ. ಬೇಸಿಗೆಯ ವಾರಗಳಲ್ಲಿ 20 ಗಂಟೆ ಹಾರಿದ್ದೂ ಉಂಟು, ಡಿಸೆಂಬರ್‌ನಲ್ಲಿ 6ಕ್ಕೆ ಇಳಿದದ್ದೂ ಉಂಟು. 24 ಗಂಟೆಯ ಯಾವುದೇ ಅವಧಿಯಲ್ಲಿ 8 ಗಂಟೆಗಿಂತ ಹೆಚ್ಚು ಹಾರಾಟ ಕಲಿಸುವಂತಿಲ್ಲ. ಬೇಸಿಗೆಯ ಶನಿವಾರ ಆ ಮಿತಿ ನಿಜಕ್ಕೂ ಎದುರಾಗುತ್ತದೆ.

ಮೊದಲ ವರ್ಷ ಸುಮಾರು 672 ಗಂಟೆ ಹಾರಾಟ, 896 ಗಂಟೆಯ ಸಂಬಳ. ಆರು ತಿಂಗಳಾದ ಮೇಲೆ ದರ 28ಕ್ಕೇರಿತು. ಒಟ್ಟು 23,700 ಡಾಲರ್ ಚಿಲ್ಲರೆ. ಸಾಲದ ಕಂತಿಗೇ 10,800 ಹೋಯಿತು. ಉಳಿದದ್ದರಲ್ಲಿ ಡಲ್ಲಾಸ್‌ನಲ್ಲಿ ಮನೆ ಬಾಡಿಗೆ ಕಟ್ಟಿ ಬದುಕಲಾಗುವುದಿಲ್ಲ. ಬೋಧಕನ ಕೆಲಸದಿಂದ ಜೀವನ ನಡೆಯುತ್ತದೆಯೇ ಎಂದರೆ, ಮೊದಲ ವರ್ಷ ನಡೆಯುವುದಿಲ್ಲ. ಯಾರದೋ ಮನೆಯ ಮೂಲೆಯೋ, ಸಂಗಾತಿಯ ಸಂಬಳವೋ, ಹಳೆಯ ಉಳಿತಾಯವೋ ಬೇಕು.

ಸ್ವಲ್ಪ ಉಸಿರಾಡಿಸಿದ್ದು ಸ್ವಂತ ವಿಮಾನವಿರುವವರು. ಪ್ರತಿ ಪೈಲಟ್‌ಗೂ 24 ಕ್ಯಾಲೆಂಡರ್ ತಿಂಗಳಿಗೊಮ್ಮೆ ಬೋಧಕನೊಂದಿಗೆ ಫ್ಲೈಟ್ ರಿವ್ಯೂ (ಹಾರಾಟದ ಮರುಪರಿಶೀಲನೆ) ಆಗಬೇಕು, ಕನಿಷ್ಠ ಒಂದು ಗಂಟೆ ನೆಲದ ಮೇಲೆ, ಒಂದು ಗಂಟೆ ಆಕಾಶದಲ್ಲಿ. ಗಂಟೆಗೆ 65 ಡಾಲರ್‌ನಂತೆ ತಿಂಗಳಿಗೆ ಎರಡು ಸಿಕ್ಕರೆ ಕನಿಷ್ಠ 260 ಡಾಲರ್ ಆಗುತ್ತದೆ. ಇದಕ್ಕೆ ಶಾಲೆಯ ಒಪ್ಪಿಗೆ ಬೇಕು, ಜೊತೆಗೆ ಬೋಧಕನ ಹೊಣೆ ಸೇರಿದ ಸ್ವಂತ ವಿಮೆಯೂ ಬೇಕು. ಮಾಲೀಕನ ವಿಮೆ ನನ್ನನ್ನೂ ಕಾಯುತ್ತದೆ ಎಂದುಕೊಳ್ಳುವುದು ಅಪಾಯ. ವಿಮಾನ ಕೆಟ್ಟರೆ ಆ ಕಂಪನಿ ಹಣ ತುಂಬಿ ಆಮೇಲೆ ಬೋಧಕನ ಬೆನ್ನು ಹತ್ತಬಹುದು. ವಿದ್ಯಾರ್ಥಿಗಳೂ ತಾವಾಗಿ ಬರಲಿಲ್ಲ. ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಪರಿಚಯವಾದ ಸಾಫ್ಟ್‌ವೇರ್ ದಂಪತಿ ಮಗನಿಗೆಂದು ಡಿಸ್ಕವರಿ ಫ್ಲೈಟ್ (ಪರಿಚಯದ ಮೊದಲ ಹಾರಾಟ) ಮಾಡಿಸಿದರು, ಕೊನೆಗೆ ಸೇರಿದ್ದು ಅಪ್ಪ.

ಕರ್ನಾಟಕದಿಂದ ವೀಸಾದಲ್ಲಿ ಬಂದವರಾದರೆ

ಮೇಲಿನ ಲೆಕ್ಕ ಇವರಿಗೆ ಹಾಗೇ ಅನ್ವಯಿಸುವುದಿಲ್ಲ. ಎಂ-1, ಅಂದರೆ ವೃತ್ತಿ ತರಬೇತಿಯ ವೀಸಾದವರಿಗೆ ಕೋರ್ಸ್ ಮುಗಿದ ಮೇಲೆ ನಾಲ್ಕು ತಿಂಗಳ ಓದಿಗೆ ಒಂದು ತಿಂಗಳಂತೆ, ಹೆಚ್ಚೆಂದರೆ 6 ತಿಂಗಳ ಕೆಲಸದ ಅನುಮತಿ. ಅಷ್ಟರಲ್ಲಿ 1500 ಮುಟ್ಟುವುದು ಆಗದ ಮಾತು. ಎಫ್-1, ಅಂದರೆ ಸಾಮಾನ್ಯ ವಿದ್ಯಾರ್ಥಿ ವೀಸಾದವರಿಗೆ ಒಪಿಟಿ (ಓದಿನ ನಂತರದ ಕೆಲಸದ ಅನುಮತಿ) 12 ತಿಂಗಳು, ಅದರೊಳಗೆ ನಿರುದ್ಯೋಗದ ದಿನಗಳು 90 ದಾಟಬಾರದು, ಕೆಲಸ ವಾರಕ್ಕೆ ಕನಿಷ್ಠ 20 ಗಂಟೆ ಇರಬೇಕು. ನಮ್ಮ ಅಭ್ಯರ್ಥಿ ಕೆಲಸವಿಲ್ಲದೆ ಕಳೆದ ಕಾಲ ಅವರದಾಗಿದ್ದರೆ ವೀಸಾವೇ ಹೋಗುತ್ತಿತ್ತು. ಹಾಗಾಗಿ ಅವರು ಸಿಎಫ್ಐಐಯನ್ನು ಒಪಿಟಿ ಶುರುವಾಗುವ ಮೊದಲೇ ಮುಗಿಸಿರಬೇಕು, ಕಲಿತ ಶಾಲೆಯಲ್ಲೇ ಕೆಲಸದ ಮಾತಾಡಿಟ್ಟುಕೊಂಡಿರಬೇಕು.

ಊರಿಗೆ ಮರಳುವ ಯೋಚನೆ ಇದ್ದರೆ ಪ್ರಶ್ನೆಯೇ ಬೇರೆ. ಭಾರತದಲ್ಲಿ ಕಮರ್ಷಿಯಲ್ ಲೈಸೆನ್ಸ್‌ಗೆ 200 ಗಂಟೆ, ಏರ್‌ಲೈನ್‌ನ ಬಲಗಡೆ ಸೀಟಿಗೆ 1500ರ ನಿಯಮವಿಲ್ಲ. ಅಲ್ಲಿ ಬೋಧಕನಾಗುವುದು ಏಣಿಯ ಕಡ್ಡಾಯ ಮೆಟ್ಟಿಲಲ್ಲ. ಅಮೆರಿಕದ ಸಿಎಫ್ಐ ಇದ್ದ ಮಾತ್ರಕ್ಕೆ ಜಕ್ಕೂರಿನಲ್ಲಿ ಕಲಿಸಲೂ ಆಗುವುದಿಲ್ಲ, ಭಾರತದ ವಿಮಾನಯಾನ ನಿಯಂತ್ರಕ ಡಿಜಿಸಿಎಯ ಬೋಧಕ ರೇಟಿಂಗ್ ಬೇರೆಯೇ ಪಡೆಯಬೇಕು.

ಹನ್ನೆರಡನೇ ತಿಂಗಳ ಹೊತ್ತಿಗೆ

ಲಾಗ್‌ಬುಕ್‌ನಲ್ಲಿ 960 ಗಂಟೆ. ಒಟ್ಟು ಸಂಖ್ಯೆ ಚೆನ್ನಾಗಿ ಕಂಡರೂ ಒಳಗೆ ಎರಡು ತೂತು. ಏರ್‌ಲೈನ್‌ಗೆ ಬೇಕಾದ ದೂರ ಪ್ರಯಾಣದ ಗಂಟೆ ಪೂರ್ಣ ಎಟಿಪಿಗೆ 500, ಸಹ ಪೈಲಟ್ ಆಗಲಷ್ಟೇ ಸಾಲುವ ನಿರ್ಬಂಧಿತ ಎಟಿಪಿಗೆ 200. ಒಂದೇ ನಿಲ್ದಾಣದ ಸುತ್ತ ಲ್ಯಾಂಡಿಂಗ್ ಕಲಿಸಿದವನ ಬಳಿ ಅದು 140 ಮಾತ್ರ. ಇನ್‌ಸ್ಟ್ರುಮೆಂಟ್ ಮತ್ತು ಕಮರ್ಷಿಯಲ್ ವಿದ್ಯಾರ್ಥಿಗಳನ್ನು ಹೆಚ್ಚು ಕೊಡಿ ಎಂದು ಚೀಫ್ ಇನ್‌ಸ್ಟ್ರಕ್ಟರ್ ಬಳಿ ಕೇಳಿದ್ದು ಇದಕ್ಕೇ. ಎರಡನೆಯದು ಎರಡು ಎಂಜಿನ್ ವಿಮಾನದ 50 ಗಂಟೆ. ಇವನ ಬಳಿ ಇದ್ದದ್ದು 17. ಉಳಿದದ್ದನ್ನು ಗಂಟೆಗೆ 380 ಡಾಲರ್ ಬಾಡಿಗೆ ಕೊಟ್ಟು ಹಾರಿದರೆ 12,500 ಡಾಲರ್, ಅಂದರೆ ಅರ್ಧ ವರ್ಷದ ಸಂಬಳ.

ಅದರ ಬದಲು ಎರಡು ಎಂಜಿನ್ ಕಲಿಸುವ ಎಂಇಐಗೆ ಅರ್ಜಿ ಹಾಕಿದ್ದಾನೆ. ಅದಕ್ಕೆ ಆ ವರ್ಗದ ವಿಮಾನದಲ್ಲಿ 15 ಗಂಟೆ ಪೈಲಟ್ ಇನ್ ಕಮಾಂಡ್ ಬೇಕು, ಇವನದು 11. ಕನಿಷ್ಠ ನಾಲ್ಕು ಗಂಟೆ ಕೈಯಿಂದ ಕೊಟ್ಟು ಹಾರಬೇಕು, ಅದೂ ಶಾಲೆಯ ಪೈಪರ್ ಸೆಮಿನೋಲ್‌ನಲ್ಲೇ ಆಗುವಂತೆ ನೋಡಿಕೊಳ್ಳಬೇಕು. ಯಾಕೆಂದರೆ ಕಲಿಸುವ ಮೊದಲು ಅದೇ ಮಾದರಿಯಲ್ಲಿ 5 ಗಂಟೆ ಕಮಾಂಡ್ ಇರಲೇಬೇಕೆಂಬ ನಿಯಮವಿದೆ, ಬೇರೆ ವಿಮಾನದಲ್ಲಿ ಹಾರಿದ್ದು ಅದಕ್ಕೆ ಲೆಕ್ಕಕ್ಕೆ ಬರುವುದಿಲ್ಲ. ಸೆಮಿನೋಲ್ ಸದ್ಯ 100 ಗಂಟೆಯ ತಪಾಸಣೆಗೆ ಹ್ಯಾಂಗರ್‌ನಲ್ಲಿದೆ. ಹೊರಬಂದ ವಾರಕ್ಕೆ ಬೆಳಗಿನ ಎರಡು ಸ್ಲಾಟ್ ಅವನ ಹೆಸರಿನಲ್ಲಿ ಬುಕ್ ಆಗಿವೆ.